ನೀರಿನಿಂದ ಓಡುವ ಗಾಡಿ, ಪೆನ್ಸಿಲ್‌ನಿಂದ ಕರೆಂಟ್: ಫಾರ್ವರ್ಡ್‌ಗಳು ಹೇಳದೆ ಬಿಡುವ ಸಣ್ಣ ತೂತುಗಳ ವಿಷಯ

ಕಬ್ಬು ನುರಿಸುವ ಹಂಗಾಮು ಶುರುವಾದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ರಸ್ತೆಗಳಲ್ಲಿ ಟ್ರ್ಯಾಕ್ಟರ್‌ಗಳದೇ ಸಾಲು. ಡೀಸೆಲ್ ಖರ್ಚಿನ ಮಾತು ಕಟ್ಟೆಯ ಮೇಲೂ ಇರುತ್ತದೆ, ವಾಟ್ಸಾಪ್ ಗುಂಪಿನಲ್ಲೂ ಇರುತ್ತದೆ. ಅಂಥ ಹೊತ್ತಿನಲ್ಲಿ ಹೈಡ್ರೋಜನ್ ಬಗ್ಗೆ ಮೂರು ಬಗೆಯ ಸಂದೇಶಗಳು ಬೇಗ ಹರಡುತ್ತವೆ.

ಒಂದು, ಕೇಂದ್ರ ಸಚಿವ ನಿತಿನ್ ಗಡ್ಕರಿ ಬಿಳಿ ಕಾರಿನಿಂದ ಇಳಿಯುವ ಫೋಟೊ. ಕೆಳಗೆ 'ನೀರಿನಿಂದ ಓಡುವ ಕಾರು ಬಂತು, ಇನ್ನು ಪೆಟ್ರೋಲ್ ಬೇಡ' ಎಂಬ ಬರಹ. ಇನ್ನೊಂದು, ಲೋಟದ ನೀರಿನಲ್ಲಿ ಎರಡು ಪೆನ್ಸಿಲ್ ಇಟ್ಟು ಕರೆಂಟ್ ತೆಗೆಯುವ ವಿಡಿಯೋ. ಮೂರನೆಯದು, ಕಬ್ಬಿನ ಸಿಪ್ಪೆಯ ಇದ್ದಿಲಿನಿಂದ ಹೈಡ್ರೋಜನ್ ಸೆಲ್ ತಯಾರಾಗುತ್ತದೆ, ರೈತರು ಲಕ್ಷಾಧೀಶರಾಗುತ್ತಾರೆ ಎಂಬ ಸಂದೇಶ. ಕೆಲವದರ ಕೊನೆಗೆ ಒಂದು ಮೊಬೈಲ್ ಸಂಖ್ಯೆಯೂ ಇರುತ್ತದೆ. ಕಿಟ್ ಬೇಕಾದರೆ, ಡೀಲರ್‌ಶಿಪ್ ಬೇಕಾದರೆ ಕರೆ ಮಾಡಿ ಅಂತ.

ಈ ಮೂರರಲ್ಲಿ ಮೊದಲನೆಯದು ತಪ್ಪು. ಎರಡನೆಯದು ನಿಜ, ಆದರೆ ಅರ್ಧ. ಮೂರನೆಯದರಲ್ಲಿ ಒಂದು ಹಿಡಿಯಷ್ಟು ವಿಜ್ಞಾನ, ಒಂದು ಟ್ರಾಲಿಯಷ್ಟು ಆಸೆ. ಇವುಗಳಲ್ಲಿ ಹೆಚ್ಚು ಕುತೂಹಲದ್ದು ಪೆನ್ಸಿಲ್ ವಿಡಿಯೋ. ಅದು ಯಾಕೆ ಕೆಲಸ ಮಾಡುತ್ತದೆ, ಮತ್ತೆ ಯಾಕೆ ಕೆಲವೇ ಸೆಕೆಂಡಿನಲ್ಲಿ ಸೋಲುತ್ತದೆ ಎಂಬುದು ಗೊತ್ತಾದರೆ ಉಳಿದೆರಡನ್ನು ನೀವೇ ತೂಗಿ ನೋಡಬಹುದು. ಆದರೆ ಮೊದಲು ನೀರಿನ ಲೆಕ್ಕ ಮುಗಿಸೋಣ.

ನೀರು ಇಂಧನವೇ?

ಅಲ್ಲ. ಫೋಟೊದಲ್ಲಿರುವುದು ಟೊಯೊಟಾ ಮಿರಾಯ್ ಕಾರು. ಗಡ್ಕರಿ 2022ರ ಮಾರ್ಚ್ 30ರಂದು ಅದರಲ್ಲಿ ಸಂಸತ್ತಿಗೆ ಬಂದಿದ್ದು ನಿಜ. ಆ ಕಾರಿನ ಟ್ಯಾಂಕಿನಲ್ಲಿ ತುಂಬುವುದು ನೀರಲ್ಲ, ಹೈಡ್ರೋಜನ್ ಅನಿಲ. ವಾತಾವರಣದ ಒತ್ತಡಕ್ಕಿಂತ ಸುಮಾರು 700 ಪಟ್ಟು ಒತ್ತಿ ಐದೂವರೆ ಕಿಲೋದಷ್ಟು ತುಂಬಿರುತ್ತಾರೆ. ನೀರು ಹೊಗೆ ಕೊಳವೆಯಿಂದ ಹೊರಗೆ ಬರುತ್ತದೆ. ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ಯಾರೋ ಅದಲುಬದಲು ಮಾಡಿದರು, ಅಷ್ಟೇ.

ನೀರಿನಿಂದಲೇ ಶಕ್ತಿ ಯಾಕೆ ಬರುವುದಿಲ್ಲ ಎಂಬುದಕ್ಕೆ ಗೋಕಾಕ ಜಲಪಾತಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ. ಘಟಪ್ರಭೆ ಅಲ್ಲಿ ಸುಮಾರು 52 ಮೀಟರ್ ಧುಮುಕುತ್ತಾಳೆ. 1880ರ ದಶಕದಲ್ಲೇ ಆ ಬಲವನ್ನು ಹತ್ತಿ ಗಿರಣಿಗೆ ದುಡಿಸಿಕೊಂಡ ಊರು ಅದು. ಆದರೆ ದುಡಿದದ್ದು ಮೇಲಿಂದ ಬೀಳುವ ನೀರು. ಕೆಳಗೆ ಮಡುವಿನಲ್ಲಿ ನಿಂತ ನೀರು ಎಷ್ಟಿದ್ದರೂ ಯಂತ್ರ ತಿರುಗುವುದಿಲ್ಲ, ಯಾಕೆಂದರೆ ಅದು ಬಿದ್ದು ಮುಗಿದಿದೆ. ಹೈಡ್ರೋಜನ್ ಮತ್ತು ಆಮ್ಲಜನಕದ ಸಂಗತಿಯೂ ಹಾಗೆಯೇ. ಅವೆರಡೂ ಬೇರೆಬೇರೆ ಇದ್ದಾಗ ಜಲಪಾತದ ತಲೆಯ ಮೇಲೆ ಇದ್ದ ಹಾಗೆ. ಸೇರಿ ನೀರಾಯಿತೆಂದರೆ ಕೆಳಗೆ ಬಿದ್ದ ಹಾಗೆ. ಮತ್ತೆ ಶಕ್ತಿ ಬೇಕೆಂದರೆ ಮತ್ತೆ ಮೇಲೆ ಹೊತ್ತು ಒಯ್ಯಬೇಕು.

ಹೊರುವ ಕೂಲಿ ಎಷ್ಟು? ಒಂದು ಲೀಟರ್ ನೀರನ್ನು ಪೂರ್ತಿ ಒಡೆಯಲು ಕಡಿಮೆಯೆಂದರೂ 4.4 ಯೂನಿಟ್ ಶಕ್ತಿ ಬೇಕು. ಅದೇ ಒಂದು ಲೀಟರ್ ನೀರು ಗೋಕಾಕ ಜಲಪಾತದಿಂದ ಸುಮಾರು 31 ಸಾವಿರ ಸಲ ಬಿದ್ದರೆ ಸಿಗುವ ಶಕ್ತಿಯಷ್ಟು! ನಿಜವಾದ ಯಂತ್ರಗಳಲ್ಲಿ ನಷ್ಟವೂ ಇರುವುದರಿಂದ ಐದೂವರೆಯಿಂದ ಆರು ಯೂನಿಟ್ ಕರೆಂಟ್ ಖರ್ಚಾಗುತ್ತದೆ. ಅದರಿಂದ ಸಿಗುವ ಹೈಡ್ರೋಜನ್ 111 ಗ್ರಾಂ. ಅದನ್ನು ಒಳ್ಳೆಯ ಫ್ಯೂಯೆಲ್ ಸೆಲ್‌ಗೆ ಕೊಟ್ಟರೆ ವಾಪಸ್ ಬರುವುದು ಎರಡು ಯೂನಿಟ್ ಆಸುಪಾಸು. ಆರು ಕೊಟ್ಟು ಎರಡು ತಗೊಳ್ಳುವ ವ್ಯವಹಾರ ಇದು. ಬಿಸಿಲು, ಗಾಳಿಯಿಂದ ಬಂದ ಕರೆಂಟ್ ಹೆಚ್ಚಾಗಿ ಉಳಿದಾಗ ಅದನ್ನು ಕೂಡಿಡಲು, ಭಾರದ ಲಾರಿ ಓಡಿಸಲು ಇದಕ್ಕೆ ಅರ್ಥವಿದೆ. ಬೈಕಿನ ಬ್ಯಾಟರಿಯಿಂದಲೇ ನೀರು ಒಡೆದು ಅದೇ ಬೈಕ್ ಓಡಿಸುತ್ತೇನೆ ಎನ್ನುವುದಕ್ಕೆ ಅರ್ಥವಿಲ್ಲ. ಆ ಬ್ಯಾಟರಿ ಚಾರ್ಜ್ ಆಗುವುದೇ ಪೆಟ್ರೋಲಿನಿಂದ.

ಹೀಗೆ ನಂಬಿ ಕೆಟ್ಟವರು ನಾವು ಮೊದಲಲ್ಲ. ಅಮೆರಿಕದ ಸ್ಟ್ಯಾನ್ಲಿ ಮೆಯರ್ ನೀರಿನಿಂದ ಓಡುವ ಗಾಡಿಯ ಹೆಸರಲ್ಲಿ ಹೂಡಿಕೆದಾರರಿಂದ ಹಣ ಪಡೆದಿದ್ದ. 1996ರಲ್ಲಿ ಓಹಾಯೋದ ನ್ಯಾಯಾಲಯ ಅದನ್ನು ವಂಚನೆ ಎಂದು ತೀರ್ಮಾನಿಸಿ ಹಣ ವಾಪಸ್ ಮಾಡಲು ಹೇಳಿತು. ಅದೇ ವರ್ಷ ತಮಿಳುನಾಡಿನ ರಾಮರ್ ಪಿಳ್ಳೈ ಗಿಡಮೂಲಿಕೆಯಿಂದ ಪೆಟ್ರೋಲ್ ಮಾಡುತ್ತೇನೆಂದು ದೇಶದ ತುಂಬ ಸುದ್ದಿಯಾದ. 2016ರಲ್ಲಿ ಅವನಿಗೆ ಜೈಲು ಶಿಕ್ಷೆ ಆಯಿತು.

'ಅಲ್ರೀ, ವಿಡಿಯೋದಾಗ ಕರೆಂಟ್ ಬಂದೈತಲ್ರೀ?'

ಬಂದಿದೆ. ಪೆನ್ಸಿಲ್ ವಿಡಿಯೋ ಸುಳ್ಳಲ್ಲ, ಮಕ್ಕಳೊಂದಿಗೆ ಮನೆಯಲ್ಲೇ ಮಾಡಿ ನೋಡಬಹುದು. ಎರಡು ಪೆನ್ಸಿಲ್‌ಗಳನ್ನು ಎರಡೂ ತುದಿ ಚೂಪು ಮಾಡಿ, ಅಡುಗೆ ಸೋಡಾ ಕರಗಿಸಿದ ನೀರಿನ ಲೋಟದಲ್ಲಿ ನಿಲ್ಲಿಸಿ. ಮೇಲಿನ ತುದಿಗಳಿಗೆ 9 ವೋಲ್ಟಿನ ಚಿಕ್ಕ ಬ್ಯಾಟರಿಯ ತಂತಿ ಮುಟ್ಟಿಸಿ. ಕಡ್ಡಿಗಳ ಸುತ್ತ ಗುಳ್ಳೆಗಳು ಏಳುತ್ತವೆ. ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಆಮ್ಲಜನಕ. ಒಂದು ನಿಮಿಷ ಬಿಟ್ಟು ಬ್ಯಾಟರಿ ತೆಗೆದು, ಅದೇ ತುದಿಗಳಿಗೆ ಮಲ್ಟಿಮೀಟರ್ ಹಚ್ಚಿದರೆ ಒಂದು ವೋಲ್ಟಿನ ಆಸುಪಾಸು ತೋರಿಸುತ್ತದೆ. (ಉಪ್ಪು ಮಾತ್ರ ಹಾಕಬೇಡಿ, ವಿಷಕಾರಿ ಕ್ಲೋರಿನ್ ಏಳುತ್ತದೆ. ಮನೆಯ ಪ್ಲಗ್ಗಿನಿಂದ ಕರೆಂಟ್ ಕೊಡುವ ಸಾಹಸ ಬೇಡವೇ ಬೇಡ. ಲೋಟವನ್ನು ಮುಚ್ಚಲೂಬೇಡಿ.)

ಇದು ಪುಟ್ಟದೊಂದು ಫ್ಯೂಯೆಲ್ ಸೆಲ್. ಕಡ್ಡಿಗೆ ಅಂಟಿಕೊಂಡ ಹೈಡ್ರೋಜನ್ ಗುಳ್ಳೆ, ಇನ್ನೊಂದಕ್ಕೆ ಅಂಟಿಕೊಂಡ ಆಮ್ಲಜನಕದ ಗುಳ್ಳೆ ಮತ್ತೆ ಸೇರಿ ನೀರಾಗುತ್ತ, ಬ್ಯಾಟರಿ ಕೊಟ್ಟ ಶಕ್ತಿಯಲ್ಲಿ ಸ್ವಲ್ಪವನ್ನು ವಾಪಸ್ ಕೊಡುತ್ತವೆ. ವಿಡಿಯೋದಲ್ಲಿ ಬ್ಯಾಟರಿ ಹಚ್ಚಿದ ಭಾಗವನ್ನು ಕತ್ತರಿಸಿ ಹಾಕಿದರೆ ನೀರೇ ಕರೆಂಟ್ ಕೊಟ್ಟಂತೆ ಕಾಣುತ್ತದೆ. ಮೀಟರ್ ಬದಲು ಸಣ್ಣ ಮೋಟರ್ ಹಚ್ಚಿದರೆ ಬಂಡವಾಳ ಬಯಲಾಗುತ್ತದೆ. ಅದು ತಿರುಗುವುದಿಲ್ಲ, ವೋಲ್ಟ್ ಮಾತ್ರ ತಟಕ್ಕನೆ ಕುಸಿಯುತ್ತದೆ.

1839ರಲ್ಲಿ ಬ್ರಿಟನ್ನಿನ ವಿಲಿಯಂ ಗ್ರೋವ್ ಎದುರಿಸಿದ್ದೂ ಇದನ್ನೇ. ವೃತ್ತಿಯಿಂದ ವಕೀಲ, ಅಭಿರುಚಿಯಿಂದ ವಿಜ್ಞಾನಿ. ಅವನು ಪ್ಲಾಟಿನಂ ಪಟ್ಟಿಗಳನ್ನು ಅರ್ಧ ಆಮ್ಲದಲ್ಲಿ, ಅರ್ಧ ಅನಿಲದಲ್ಲಿ ಇರುವಂತೆ ಇಟ್ಟ. ಕರೆಂಟ್ ಬಂತು, ಆದರೆ ಬಹಳ ಕಡಿಮೆ. ಕಾರಣವನ್ನೂ ಅವನೇ ಕಂಡುಕೊಂಡ. ಅನಿಲ, ದ್ರವ, ಲೋಹ ಈ ಮೂರೂ ಒಟ್ಟಿಗೆ ಮುಟ್ಟುವ ಜಾಗದಲ್ಲಿ ಮಾತ್ರ ಕೆಲಸ ನಡೆಯುತ್ತದೆ. ನೇರ ಪಟ್ಟಿಯ ಮೇಲೆ ಆ ಜಾಗ ಎಂದರೆ ನೀರಿನ ಮಟ್ಟದಲ್ಲಿರುವ ಒಂದು ಗೆರೆ ಅಷ್ಟೇ. ಪೆನ್ಸಿಲ್ ಕಡ್ಡಿಯ ಕಥೆಯೂ ಅದೇ. ಗ್ರಾಫೈಟ್ ಜೊತೆ ಜೇಡಿಮಣ್ಣು ಕಲಸಿ ಸುಟ್ಟ ಗಟ್ಟಿ ಕಡ್ಡಿ ಅದು, ಅನಿಲ ನಿಲ್ಲಲು ಹೊರಮೈ ಬಿಟ್ಟರೆ ಜಾಗವಿಲ್ಲ.

ಆ ಒಂದು ಗೆರೆಯನ್ನು ಎಕರೆಗಟ್ಟಲೆ ಹಿಗ್ಗಿಸುವುದು ಹೇಗೆ? ಗ್ರೋವ್‌ನಿಂದ ಇಂದಿನ ಕಾರಿನವರೆಗೆ ನಡೆದ ಕೆಲಸದ ಬಹುಪಾಲು ಈ ಪ್ರಶ್ನೆಯ ಸುತ್ತಲೇ ಇದೆ. ಸಿಕ್ಕ ಉತ್ತರ: ಎಲೆಕ್ಟ್ರೋಡನ್ನು ತೂತು ತೂತಾಗಿ ಮಾಡಬೇಕು.

ಜವಳು ಹಿಡಿದ ಹೊಲ

ತೂತು ಮಾಡಿದರಾಯಿತೇ? ಇಲ್ಲ. ಇದನ್ನು ಘಟಪ್ರಭಾ ಕಾಲುವೆ ಕೆಳಗಿನ ರೈತರಿಗೆ ವಿವರಿಸಿ ಹೇಳುವ ಅಗತ್ಯವೇ ಇಲ್ಲ.

ಕಪ್ಪು ಎರೆ ಭೂಮಿಯಲ್ಲಿ ಕಬ್ಬಿಗೆ ನೀರು ಬಿಟ್ಟೂ ಬಿಟ್ಟೂ ಏನಾಗುತ್ತದೆ? ಹೊಲ ಜವಳು ಹಿಡಿಯುತ್ತದೆ. ನೀರಿದೆ, ಗೊಬ್ಬರವಿದೆ, ಆದರೂ ಬೆಳೆ ಹಳದಿ ತಿರುಗುತ್ತದೆ. ಯಾಕೆಂದರೆ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವೆ ದೊಡ್ಡ ಸಂದು, ಸಣ್ಣ ಸಂದು ಎರಡೂ ಇರುತ್ತವೆ. ಸಣ್ಣವು ತೇವ ಹಿಡಿದಿಡುತ್ತವೆ, ದೊಡ್ಡವು ನೀರನ್ನು ಬಸಿದು ಗಾಳಿಗೆ ದಾರಿ ಬಿಡುತ್ತವೆ. ದೊಡ್ಡ ಸಂದುಗಳೆಲ್ಲ ನೀರು ತುಂಬಿಕೊಂಡರೆ ಬೇರು ಉಸಿರು ಕಟ್ಟಿ ಸಾಯುತ್ತದೆ. ಅದಕ್ಕೇ ಬಸಿಗಾಲುವೆ ತೆಗೆಯುವುದು.

ಫ್ಯೂಯೆಲ್ ಸೆಲ್ಲಿನ ಎಲೆಕ್ಟ್ರೋಡ್ ಅಂಥದೇ ಒಂದು ಹೊಲ. ಕಾರಿನಲ್ಲಿ ಬಳಸುವ ಬಗೆಯ ಸೆಲ್ಲಿನ ನಡುವೆ ಕೂದಲಿಗಿಂತ ತೆಳುವಾದ ಒಂದು ಪ್ಲಾಸ್ಟಿಕ್ ಪೊರೆ ಇರುತ್ತದೆ. ಒಂದು ಬದಿಯಿಂದ ಹೈಡ್ರೋಜನ್, ಇನ್ನೊಂದು ಬದಿಯಿಂದ ಗಾಳಿ ಬರುತ್ತದೆ. ಪ್ಲಾಟಿನಂ ಕಣದ ಮೇಲೆ ಕೂತ ಹೈಡ್ರೋಜನ್ ಪ್ರೋಟಾನ್ ಮತ್ತು ಎಲೆಕ್ಟ್ರಾನ್ ಆಗಿ ಒಡೆಯುತ್ತದೆ. ಪೊರೆ ಪ್ರೋಟಾನ್‌ಗಳನ್ನು ಮಾತ್ರ ಬಿಡುತ್ತದೆ. ಎಲೆಕ್ಟ್ರಾನ್‌ಗಳು ಹೊರಗಿನ ತಂತಿಯಲ್ಲಿ ಸುತ್ತಿ ಬರಬೇಕು, ಆ ಸುತ್ತಾಟವೇ ನಮಗೆ ಸಿಗುವ ಕರೆಂಟ್. ಆಚೆ ಬದಿಯಲ್ಲಿ ಪ್ರೋಟಾನ್, ಎಲೆಕ್ಟ್ರಾನ್, ಆಮ್ಲಜನಕ ಮೂರೂ ಒಂದೇ ಬಿಂದುವಿನಲ್ಲಿ ಭೇಟಿಯಾಗಿ ನೀರಾಗುತ್ತವೆ.

ತೊಡಕು ಇಲ್ಲೇ. ಪೊರೆ ತೇವವಾಗಿದ್ದರೆ ಮಾತ್ರ ಪ್ರೋಟಾನ್ ದಾಟುತ್ತದೆ. ಏಪ್ರಿಲ್ ಬಿಸಿಲಿನ ಒಣ ಗಾಳಿ ಹೊಡೆದು ಪೊರೆ ಒಣಗಿದರೆ ಕರೆಂಟ್ ಇಳಿಯುತ್ತದೆ. ಹಾಗಂತ ನೀರು ಹೆಚ್ಚಾದರೆ ತೂತುಗಳು ಕಟ್ಟಿಕೊಂಡು ಆಮ್ಲಜನಕ ಒಳಗೆ ಬರಲಾರದು. ಮೊದಲೇ ಗಾಳಿಯಲ್ಲಿ ಆಮ್ಲಜನಕ ಇರುವುದು ಐದರಲ್ಲೊಂದು ಪಾಲು, ಉಳಿದದ್ದೆಲ್ಲ ನೈಟ್ರೋಜನ್ನಿನ ಜಂಗುಳಿ. ತಮಾಷೆಯೆಂದರೆ ಈ ಹೊಲಕ್ಕೆ ಹೊರಗಿನಿಂದ ಯಾರೂ ನೀರು ಬಿಡಬೇಕಿಲ್ಲ. ಅದು ದುಡಿದಷ್ಟೂ ತನ್ನಲ್ಲೇ ನೀರು ಹುಟ್ಟಿಸಿಕೊಳ್ಳುತ್ತದೆ. ಒಂದು ಕಿಲೋ ಹೈಡ್ರೋಜನ್ ಬಳಸಿದರೆ ಒಂಬತ್ತು ಕಿಲೋ ನೀರು. ಕಾರು ನೂರು ಕಿಲೋಮೀಟರ್ ಹೋಗುವಷ್ಟರಲ್ಲಿ ಸಣ್ಣದೊಂದು ಕೊಡದಷ್ಟು ನೀರು, ಕಾಗದದಷ್ಟು ತೆಳುವಾದ ಪದರಗಳ ತೂತುಗಳ ಮೂಲಕವೇ ಬಸಿದು ಹೊರಬರಬೇಕು.

ಸಂಕೇಶ್ವರದಿಂದ ಆಂಬೋಲಿ ಘಾಟ್ ಇಳಿದು ಕೊಂಕಣಕ್ಕೆ ಹೋಗುವ ಗಾಡಿಯನ್ನು ನೆನೆಯಿರಿ. ಇಳಿಯುವಾಗ ಇಂಥ ಸೆಲ್ಲಿಗೆ ಏನೂ ತ್ರಾಸಿಲ್ಲ, ಕರೆಂಟ್ ಕಡಿಮೆ ಬೇಕು, ನೀರೂ ಕಡಿಮೆ. ವಾಪಸ್ ಬರುವಾಗ ಭಾರ ಹೊತ್ತು ಘಾಟ್ ಏರಬೇಕಲ್ಲ, ಆಗ ಪರೀಕ್ಷೆ. ಕರೆಂಟ್ ಹೆಚ್ಚು ಎಳೆದಷ್ಟು ಆಮ್ಲಜನಕ ಹೆಚ್ಚು ಬೇಕು, ಅದೇ ಹೊತ್ತಿಗೆ ನೀರೂ ಹೆಚ್ಚು ಹುಟ್ಟುತ್ತದೆ. ಒಂದೇ ತೂತಿನಲ್ಲಿ ಒಳಗೆ ಬರುವವರು, ಹೊರಗೆ ಹೋಗುವವರು ಇಬ್ಬರೂ ನುಗ್ಗಬೇಕು. ಲೆಕ್ಕದ ಪ್ರಕಾರ ಒಂದು ಸೆಲ್ 1.23 ವೋಲ್ಟ್ ಕೊಡಬೇಕು. ದುಡಿಯುವಾಗ ಸಿಗುವುದು 0.6ರಿಂದ 0.7. ತೂತುಗಳ ವಿನ್ಯಾಸ ಕೆಟ್ಟರೆ ಭಾರ ಹೆಚ್ಚಿದಾಗ ಅದೂ ಕುಸಿದು ಬೀಳುತ್ತದೆ. ಪೆನ್ಸಿಲ್ ಕೆಲವು ಸೆಕೆಂಡಿನಲ್ಲಿ ಸೋತಂತೆ ಇದು ಘಾಟಿನ ಮೇಲೆ ಸೋಲುತ್ತದೆ.

ಇದಕ್ಕೆ ಮೊದಲು ಒಳ್ಳೆಯ ಪರಿಹಾರ ಕೊಟ್ಟವನು ಇಂಗ್ಲೆಂಡಿನ ಎಂಜಿನಿಯರ್ ಫ್ರಾನ್ಸಿಸ್ ಥಾಮಸ್ ಬೇಕನ್. ಅವನು ನಿಕಲ್ ಲೋಹದ ಪುಡಿಯಿಂದ ಎರಡು ಗಾತ್ರದ ತೂತುಗಳಿರುವ ಎಲೆಕ್ಟ್ರೋಡ್ ಮಾಡಿದ. ದ್ರವದ ಕಡೆಗೆ ಸಣ್ಣ ತೂತು, ಅನಿಲದ ಕಡೆಗೆ ದೊಡ್ಡ ತೂತು. ಸಣ್ಣ ತೂತುಗಳು ಬತ್ತಿಯಂತೆ ದ್ರವ ಹಿಡಿದಿಟ್ಟವು, ದೊಡ್ಡವು ಅನಿಲದ ಒತ್ತಡಕ್ಕೆ ತೆರವಾಗಿ ಉಳಿದವು. ಒಳ್ಳೆಯ ಮಣ್ಣಿನಲ್ಲಿ ಆಗುವುದೇ ಇದು. 1959ರಲ್ಲಿ ಅವನ ಸೆಲ್ 5 ಕಿಲೋವ್ಯಾಟ್ ಕೊಟ್ಟಿತು. ಅದೇ ದಾರಿಯ ಸೆಲ್‌ಗಳು ಮುಂದೆ ಅಪೊಲೊ ನೌಕೆಗಳಿಗೆ ಕರೆಂಟ್ ಒದಗಿಸಿದವು. ಸೆಲ್ಲಿನಿಂದ ಬಂದ ನೀರನ್ನೇ ಗಗನಯಾತ್ರಿಗಳು ಕುಡಿದರು.

ಮದುವೆ ಪತ್ರಿಕೆಯಷ್ಟು ದಪ್ಪದಲ್ಲಿ ಎಷ್ಟು ಪದರ?

ಇಂದಿನ ಸೆಲ್ಲಿನಲ್ಲಿ ಅನಿಲ ಮೊದಲು ಮುಟ್ಟುವುದು ಕಾರ್ಬನ್ ಕಾಗದವನ್ನು. ಕೂದಲಿನ ಹತ್ತನೇ ಒಂದು ಪಾಲಿನಷ್ಟು ಸಪೂರ ಇಂಗಾಲದ ಎಳೆಗಳನ್ನು ಒತ್ತಿ ಮಾಡಿದ ಹಾಳೆ ಅದು, ದಪ್ಪ ಮಿಲಿಮೀಟರಿನ ಐದನೇ ಒಂದು ಭಾಗದ ಆಸುಪಾಸು. ಕೈಯಲ್ಲಿ ಹಿಡಿದರೆ ಗಟ್ಟಿ ಕಪ್ಪು ರಟ್ಟಿನಂತೆ ಕಾಣುತ್ತದೆ, ಆದರೆ ಅದರಲ್ಲಿ ನೂರಕ್ಕೆ 70ರಿಂದ 80 ಪಾಲು ಬರೀ ಖಾಲಿ ಜಾಗ. ನೀರು ಅಂಟದಿರಲೆಂದು ಟೆಫ್ಲಾನ್ ಸವರುತ್ತಾರೆ, ನಿಮ್ಮ ನಾನ್‌ಸ್ಟಿಕ್ ತವೆಯ ಮೇಲಿರುವುದೇ. ಅದರ ಒಳಬದಿಗೆ ಇನ್ನೂ ಸಣ್ಣ ತೂತುಗಳ ಇಂಗಾಲದ ಲೇಪ, ಅದಕ್ಕೂ ಒಳಗೆ ಪ್ಲಾಟಿನಂ ಇರುವ ಪದರ. ಈ ಕೊನೆಯದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ದಪ್ಪ, ನಿಜವಾದ ದುಡಿಮೆ ನಡೆಯುವುದು ಅಲ್ಲಿ. ಹೊರಗೆ ದೊಡ್ಡ ತೂತು, ಒಳಗೆ ಹೋದಂತೆ ಸಣ್ಣದು. ಹೆದ್ದಾರಿಯಿಂದ ಊರ ರಸ್ತೆ, ಊರ ರಸ್ತೆಯಿಂದ ಓಣಿ ಬಂದ ಹಾಗೆ.

ಇಂಥ ನೂರಾರು ಸೆಲ್‌ಗಳನ್ನು ಒಂದರ ಮೇಲೊಂದು ಪೇರಿಸಿ ಬೋಲ್ಟ್ ಹಾಕಿ ಬಿಗಿಯುತ್ತಾರೆ. ಸಡಿಲ ಬಿಟ್ಟರೆ ಪದರಗಳು ಸರಿಯಾಗಿ ಮುಟ್ಟದೆ ಕರೆಂಟ್ ದಾಟಲು ತಡೆಯಾಗುತ್ತದೆ. ಜಾಸ್ತಿ ಬಿಗಿದರೆ ಕಾಗದದ ತೂತುಗಳೇ ಅಪ್ಪಚ್ಚಿ. ಹಸಿ ಹೊಲದಲ್ಲಿ ಭಾರದ ಟ್ರ್ಯಾಕ್ಟರ್ ಓಡಾಡಿದರೆ ಮಣ್ಣು ಗಟ್ಟಿಯಾಗಿ ನೀರು ಇಂಗದಂತಾಗುವುದಿಲ್ಲವೇ, ಹಾಗೆ.

ಈಗ ಪ್ಲಾಟಿನಂ ವಿಷಯ. ಒಂದು ಗ್ರಾಂ ಪ್ಲಾಟಿನಂ ಗುಂಡು ಮಾಡಿದರೆ ಕಾಳುಮೆಣಸಿನಷ್ಟಾದೀತು, ಹೊರಮೈ ಏನೂ ಇರುವುದಿಲ್ಲ. ಅದನ್ನೇ 3 ನ್ಯಾನೊಮೀಟರ್ ಕಣಗಳಾಗಿ ಚೂರು ಮಾಡಿದರೆ ಒಟ್ಟು ಹೊರಮೈ ಸುಮಾರು 90 ಚದರ ಮೀಟರ್, ಒಂದು ಗುಂಟೆಗೆ ಸ್ವಲ್ಪ ಕಡಿಮೆ. ಆದರೆ ಇಷ್ಟು ಸಣ್ಣ ಕಣಗಳು ಹಿಟ್ಟಿನ ಗಂಟಿನಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅವುಗಳನ್ನು ಬಿಡಿಬಿಡಿಯಾಗಿ ಕೂರಿಸಲು ನೆಲ ಬೇಕು. ಆ ನೆಲ ಇಂಗಾಲದ ಪುಡಿ. ಈ ಕೆಲಸಕ್ಕೆ ಬಹುಕಾಲದಿಂದ ಬಳಸುತ್ತಿರುವ ವಲ್ಕನ್ ಎಂಬ ಪುಡಿಯ ಒಂದು ಗ್ರಾಮಿನಲ್ಲಿ ಸುಮಾರು 250 ಚದರ ಮೀಟರ್ ಮೈ ಇದೆ, ಅಂದರೆ ಎರಡೂವರೆ ಗುಂಟೆ. ಹೆಚ್ಚು ತೂತಿನ ಇನ್ನು ಕೆಲವು ಪುಡಿಗಳಲ್ಲಿ ಏಳೆಂಟು ಗುಂಟೆ!

ಹಾಗಾದರೆ ತೂತು ಹೆಚ್ಚಿದಷ್ಟೂ ಒಳ್ಳೆಯದೇ? ಫಾರ್ವರ್ಡ್‌ಗಳು ಎಡವುವುದು ಇಲ್ಲಿ. ತೂತಿನ ಸಂಖ್ಯೆಗಿಂತ ಅಳತೆ ಮುಖ್ಯ. 2 ನ್ಯಾನೊಮೀಟರಿಗಿಂತ ಸಣ್ಣ ತೂತಿನೊಳಗೆ 3 ನ್ಯಾನೊಮೀಟರ್ ಪ್ಲಾಟಿನಂ ಕಣ ಹೋಗಲಾರದು. ಆ ಮೈ ಲೆಕ್ಕದಲ್ಲಿದೆ, ಕೆಲಸಕ್ಕಿಲ್ಲ. ಪಹಣಿಯಲ್ಲಿ ಹೆಸರಿದ್ದೂ ಉಳುಮೆಗೆ ಬಾರದ ಜಮೀನಿದ್ದಂತೆ. ಇನ್ನೊಂದು ವಿಚಿತ್ರವೂ ಇದೆ. ಪ್ರೋಟಾನ್ ಒಯ್ಯಲೆಂದು ಪ್ಲಾಟಿನಂ ಸುತ್ತ ಪೊರೆಯದೇ ಜಾತಿಯ ಪ್ಲಾಸ್ಟಿಕ್ ಲೇಪಿಸುತ್ತಾರೆ. ಆ ಪ್ಲಾಸ್ಟಿಕ್ ನೇರವಾಗಿ ಅಂಟಿಕೊಂಡರೆ ಪ್ಲಾಟಿನಂ ಮಂಕಾಗುತ್ತದೆ. ಅದಕ್ಕೇ ಟೊಯೊಟಾ ತನ್ನ ಎರಡನೇ ಮಿರಾಯ್ ಕಾರಿನಲ್ಲಿ ಮಧ್ಯಮ ಗಾತ್ರದ ತೂತುಗಳಿರುವ ಇಂಗಾಲಕ್ಕೆ ಬದಲಾಯಿತು. ಪ್ಲಾಟಿನಂ ಬಹುಪಾಲು ತೂತಿನ ಒಳಗೆ ಕೂರುತ್ತದೆ, ಪ್ಲಾಸ್ಟಿಕ್ ಬಾಗಿಲಲ್ಲೇ ನಿಲ್ಲುತ್ತದೆ, ಅನಿಲ ಮತ್ತು ಪ್ರೋಟಾನ್ ಮಾತ್ರ ಒಳಗೆ ಹೋಗುತ್ತವೆ. ಕೆಲವೇ ನ್ಯಾನೊಮೀಟರ್ ಆಚೀಚೆ ಆದರೆ ಈ ಏರ್ಪಾಟು ಕೆಡುತ್ತದೆ.

ಹಾಗಾದರೆ ಕಬ್ಬಿನ ಸಿಪ್ಪೆಯ ಇದ್ದಿಲು?

ಇದ್ದಿಲು ತೂತುಗಳ ಗಣಿ ಎಂಬುದು ನಿಜ. ತೆಂಗಿನ ಚಿಪ್ಪಿನ ಇದ್ದಿಲನ್ನು ಹಬೆಯಲ್ಲಿ ಕಾಯಿಸಿ ತೂತು ಹೆಚ್ಚಿಸಿದ ಕಾರ್ಬನ್ ನಿಮ್ಮ ಮನೆಯ ನೀರಿನ ಫಿಲ್ಟರಿನಲ್ಲೇ ಇರಬಹುದು. ಕಬ್ಬಿನ ಸಿಪ್ಪೆಯಿಂದಲೂ ಅಂಥ ಕಾರ್ಬನ್ ಮಾಡಬಹುದು, ಪ್ರಯೋಗಾಲಯಗಳಲ್ಲಿ ಮಾಡಿಯೂ ಇದ್ದಾರೆ. ಒಂದು ಗ್ರಾಮಿಗೆ ಸಾವಿರ ಚದರ ಮೀಟರ್, ಅಂದರೆ ಹತ್ತು ಗುಂಟೆ ದಾಟಿಸುವುದೂ ಕಷ್ಟವಲ್ಲ. ಸಂದೇಶ ಬರೆದವರು ಓದಿದ್ದು ಇಷ್ಟೇ ಇರಬೇಕು.

ಆದರೆ ಆ ಮೈಯಲ್ಲಿ ದೊಡ್ಡ ಪಾಲು 2 ನ್ಯಾನೊಮೀಟರಿಗಿಂತ ಸಣ್ಣ ತೂತುಗಳದ್ದು, ಈಗಷ್ಟೇ ಹೇಳಿದಂತೆ ಪ್ಲಾಟಿನಂಗೆ ಬಾಗಿಲಿಲ್ಲದ ಮನೆ. ಸಾಮಾನ್ಯ ಇದ್ದಿಲಿನಲ್ಲಿ ಕರೆಂಟ್ ಸರಾಗವಾಗಿ ಹರಿಯುವುದಿಲ್ಲ, ಅದಕ್ಕೆ ಬಹಳ ಹೆಚ್ಚು ಶಾಖದಲ್ಲಿ ಬೇಯಿಸಬೇಕು. ಬೇಯಿಸಿದರೆ ತೂತುಗಳು ಕಡಿಮೆಯಾಗುತ್ತವೆ. ಕಬ್ಬಿನ ಸಿಪ್ಪೆಯ ಬೂದಿಯಲ್ಲಿ ಮರಳಿನ ಅಂಶವಾದ ಸಿಲಿಕಾ ಇರುತ್ತದೆ, ಅದನ್ನು ತೊಳೆದು ತೆಗೆಯಬೇಕು. ಗಾಡಿ ಚಾಲೂ ಮಾಡಿ ಬಂದ್ ಮಾಡುವಾಗ ಸೆಲ್ಲಿನೊಳಗಿನ ಇಂಗಾಲವೇ ಸವೆದು ಕಾರ್ಬನ್ ಡೈಆಕ್ಸೈಡ್ ಆಗುವುದುಂಟು. ತೂತು ಹೆಚ್ಚಿದ್ದಷ್ಟು ಈ ಸವೆತವೂ ಸಾಮಾನ್ಯವಾಗಿ ಹೆಚ್ಚು.

ಇವೆಲ್ಲವನ್ನೂ ವಿಜ್ಞಾನಿಗಳು ಗೆದ್ದರು ಅಂತಲೇ ಇಟ್ಟುಕೊಳ್ಳೋಣ. ರೈತನಿಗೆ ಎಷ್ಟು ಬಂತು? ಒಂದು ಕಾರಿನ ಪ್ಲಾಟಿನಂ ಪದರಕ್ಕೆ ಬೇಕಾಗುವ ಇಂಗಾಲದ ಪುಡಿ ಗ್ರಾಂ ಲೆಕ್ಕದ್ದು. ಧಾರಾಳವಾಗಿ ನೂರು ಗ್ರಾಂ ಅನ್ನೋಣ. ಹತ್ತು ಟನ್ ಕಬ್ಬು ನುರಿಸಿದರೆ ಸುಮಾರು ಮೂರು ಟನ್ ಹಸಿ ಸಿಪ್ಪೆ, ಒಣಗಿಸಿದರೆ ಒಂದೂವರೆ ಟನ್. ಅದರಲ್ಲಿ ಏಳನೇ ಒಂದು ಪಾಲು ಕಾರ್ಬನ್ ಆಗಿ ಉಳಿದರೂ 200 ಕಿಲೋ ಮೇಲಾಯಿತು. ಅಂದರೆ ಒಂದು ಟ್ರ್ಯಾಕ್ಟರ್ ಕಬ್ಬಿನ ಸಿಪ್ಪೆ ಎರಡು ಸಾವಿರ ಕಾರುಗಳಿಗೆ ಸಾಕು. ಮೂರು ತಾಲೂಕಿನ ಕಬ್ಬಿಗೆ ಈ ದಾರಿಯಲ್ಲಿ ಗಿರಾಕಿ ಹುಟ್ಟುವುದಿಲ್ಲ. ಇಷ್ಟಕ್ಕೂ ಸಿಪ್ಪೆ ಬಿದ್ದು ಕೊಳೆಯುವ ವಸ್ತುವಲ್ಲ. ಸಕ್ಕರೆ ಕಾರ್ಖಾನೆಗಳು ಅದನ್ನೇ ಬಾಯ್ಲರಿಗೆ ಹಾಕಿ ಕರೆಂಟ್ ತೆಗೆಯುತ್ತಿವೆ.

ಸಿಪ್ಪೆ, ರವದಿಯಂಥ ವಸ್ತುಗಳಿಗೆ ಹೈಡ್ರೋಜನ್ ಲೋಕದಲ್ಲಿ ಜಾಗವಿದ್ದರೆ ಅದು ಎಲೆಕ್ಟ್ರೋಡಿನಲ್ಲಿ ಅಲ್ಲ, ಹೈಡ್ರೋಜನ್ ತಯಾರಿಸುವುದರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಸ್. ದಾಸಪ್ಪ ಅವರ ತಂಡ ಜೀವರಾಶಿಯನ್ನು ಆಮ್ಲಜನಕ ಮತ್ತು ಹಬೆಯ ಜೊತೆ ಕಾಯಿಸಿ, ಒಂದು ಕಿಲೋದಿಂದ 100 ಗ್ರಾಂ ಹೈಡ್ರೋಜನ್ ತೆಗೆಯುವ ವಿಧಾನವನ್ನು 2022ರಲ್ಲಿ ಪ್ರಕಟಿಸಿತು. ಹಬೆಯಲ್ಲಿರುವ ಹೈಡ್ರೋಜನ್ ಕೂಡ ಸೇರುವುದರಿಂದ ಅಷ್ಟು ಸಿಗುತ್ತದೆ. ಹೀಗೆ ಮಾಡಿದ ಅನಿಲದಲ್ಲಿ ಮೊದಲು ಕಾರ್ಬನ್ ಮೊನಾಕ್ಸೈಡ್ ಬೆರೆತಿರುತ್ತದೆ, ಅದು ಪ್ಲಾಟಿನಂಗೆ ವಿಷ. ಕಾರಿನ ಸೆಲ್ಲಿಗೆ ಕೊಡುವ ಹೈಡ್ರೋಜನ್ನಿನಲ್ಲಿ ಅದು ಐವತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಹೆಚ್ಚಿರಬಾರದು ಎಂಬುದು ಅಂತರರಾಷ್ಟ್ರೀಯ ಮಾನದಂಡ. ತೂತುಗಳ ಒಳಗೆ ಇಷ್ಟು ಕಷ್ಟಪಟ್ಟು ಕೂರಿಸಿದ ಪ್ಲಾಟಿನಂ ಕೆಟ್ಟ ಅನಿಲಕ್ಕೆ ಬೇಗ ಮಂಕಾಗುತ್ತದೆ.

ಕಿಟ್ ತಗೊಳ್ಳಬಹುದೇ?

ಬೈಕಿಗೆ, ಟ್ರ್ಯಾಕ್ಟರಿಗೆ ಹಚ್ಚುವ 'ಹೈಡ್ರೋಜನ್ ಕಿಟ್' ಎಂದು ಮಾರುವುದು ಫ್ಯೂಯೆಲ್ ಸೆಲ್ ಅಲ್ಲವೇ ಅಲ್ಲ. ಅದರಲ್ಲಿ ಪೊರೆಯೂ ಇಲ್ಲ, ತೂತಿನ ಎಲೆಕ್ಟ್ರೋಡೂ ಇಲ್ಲ. ಸ್ಟೀಲ್ ತಟ್ಟೆಗಳಿರುವ ಡಬ್ಬಿಯಲ್ಲಿ ಗಾಡಿಯ ಬ್ಯಾಟರಿಯಿಂದ ನೀರು ಒಡೆದು, ಬಂದ ಅನಿಲವನ್ನು ಎಂಜಿನ್ನಿಗೆ ಬಿಡುತ್ತಾರೆ. ಮೇಲೆ ಹಾಕಿದ ಲೆಕ್ಕದಂತೆ ಅದು ನಷ್ಟದ ಬಾಬತ್ತು. ಜೊತೆಗೆ ಹೈಡ್ರೋಜನ್ ಮತ್ತು ಆಮ್ಲಜನಕ ಒಂದೇ ಕೊಳವೆಯಲ್ಲಿ ಬೆರೆತು ಬರುತ್ತವೆ, ಒಂದು ಕಿಡಿ ಸಾಕು. ಬರೀ ಗಾಳಿಯಲ್ಲೇ ನೂರಕ್ಕೆ ನಾಲ್ಕು ಪಾಲು ಹೈಡ್ರೋಜನ್ ಸೇರಿದರೆ ಅದು ಹೊತ್ತಿಕೊಳ್ಳಬಲ್ಲದು. ಗಾಡಿಯ ಇಂಧನ ವ್ಯವಸ್ಥೆಯನ್ನು ಅನುಮತಿ ಇಲ್ಲದೆ ಬದಲಾಯಿಸುವುದು ಮೋಟಾರು ವಾಹನ ಕಾಯ್ದೆಗೂ ವಿರುದ್ಧ, ನಾಳೆ ಅಪಘಾತವಾದರೆ ವಿಮೆಯವರು ಇದನ್ನೇ ಮುಂದೆ ಹಿಡಿದಾರು. ಕಿಟ್ಟಿಗೋ ಡೀಲರ್‌ಶಿಪ್ಪಿಗೋ ಮುಂಗಡ ಕೇಳಿದರೆ ಕೊಡಬೇಡಿ.

ನಿಜವಾದ ಫ್ಯೂಯೆಲ್ ಸೆಲ್‌ಗಳು ನಮ್ಮ ದೇಶದಲ್ಲಿ ಇಲ್ಲವೆಂದಲ್ಲ. ಪುಣೆಯಲ್ಲಿ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಮತ್ತು ಕೆಪಿಐಟಿ ಕಂಪನಿ ಸೇರಿ ಮಾಡಿದ ಬಸ್ಸನ್ನು 2022ರ ಆಗಸ್ಟ್‌ನಲ್ಲಿ ತೋರಿಸಲಾಯಿತು. 2024ರ ಜನವರಿಯಲ್ಲಿ ಇಸ್ರೋ ಪಿಎಸ್‌ಎಲ್‌ವಿ ಸಿ58 ರಾಕೆಟ್ಟಿನ ಕೊನೆಯ ಹಂತದಲ್ಲಿ 100 ವ್ಯಾಟ್ ದರ್ಜೆಯ ಸೆಲ್ಲನ್ನು ಕಕ್ಷೆಯಲ್ಲಿ ಪರೀಕ್ಷಿಸಿತು. ತೂಕವೇ ಇಲ್ಲದ ಜಾಗದಲ್ಲಿ ನೀರು ತಾನಾಗಿ ಕೆಳಗೆ ಇಳಿಯುವುದಿಲ್ಲ ಎಂಬುದನ್ನು ನೆನೆದರೆ, ಅಲ್ಲಿ ನೀರು ಬಸಿಯುವ ತಲೆಬಿಸಿ ಎಷ್ಟೆಂದು ಊಹಿಸಬಹುದು. ರಸ್ತೆಯ ವಿಷಯಕ್ಕೆ ಬಂದರೆ, ಕೇಂದ್ರ ಸರಕಾರ 2025ರ ಮಾರ್ಚ್‌ನಲ್ಲಿ ಪ್ರಾಯೋಗಿಕವಾಗಿ 37 ಬಸ್ ಮತ್ತು ಲಾರಿಗಳಿಗೆ, 9 ಹೈಡ್ರೋಜನ್ ಪಂಪುಗಳಿಗೆ ಮಂಜೂರಾತಿ ಕೊಟ್ಟಿತು. ಅವುಗಳಲ್ಲಿ 15 ಮಾತ್ರ ಫ್ಯೂಯೆಲ್ ಸೆಲ್ ಗಾಡಿಗಳು. ಉಳಿದ 22 ಹೈಡ್ರೋಜನ್ನನ್ನು ಎಂಜಿನ್ನಿನಲ್ಲೇ ಸುಡುವಂಥವು, ಅವಕ್ಕೆ ಈ ತೂತುಗಳ ಹಂಗಿಲ್ಲ. ಆಗ ಗೊತ್ತುಮಾಡಿದ ಮಾರ್ಗಗಳಲ್ಲಿ ನಮ್ಮ ಮೂರು ತಾಲೂಕಿಗೆ ಹತ್ತಿರದ್ದು ಪುಣೆ–ಮುಂಬೈ.